ಎಂಟು ಬೈಟಿನ ತಪ್ಪು

"ಇಟ್ಟು ಉಂಡ್ರಾ?"

ಚಾಮರಾಜನಗರಕ್ಕೆ ಬಂದಿಳಿದ ಮೊದಲ ಮಧ್ಯಾಹ್ನ ಮನೆಯೊಡತಿ ಪುಟ್ಟತಾಯಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ಇದು. ಏನನ್ನು ಇಡಬೇಕು, ಎಲ್ಲಿ ಇಡಬೇಕು, ಇಟ್ಟಮೇಲೆ ಏನನ್ನು ಉಣ್ಣಬೇಕು ಎಂದು ತಿಳಿಯದೆ ನಾನು ಹೆಗಲಿನ ಚೀಲವನ್ನು ನೆಲಕ್ಕಿಟ್ಟೆ. ಆಕೆ ಇನ್ನೊಮ್ಮೆ ಕೇಳಿದರು. ಎರಡನೆಯ ಸಲಕ್ಕೆ ಅದು 'ಹಿಟ್ಟು' ಇರಬೇಕೆಂದು ಹೊಳೆಯಿತು. ಹೊಳೆದ ಮೇಲೆ ಗಾಬರಿ ಇನ್ನೂ ಹೆಚ್ಚಾಯಿತು. ನಮ್ಮ ಬಾಗಲಕೋಟೆ ಕಡೆ ಹಿಟ್ಟನ್ನು ಬೀಸಿಸಿಕೊಂಡು ಬರುತ್ತೇವೆ, ನಾದುತ್ತೇವೆ, ರೊಟ್ಟಿ ಬಡಿಯುತ್ತೇವೆ. ಹಿಟ್ಟನ್ನೇ ಉಣ್ಣುವವರನ್ನು ನಾನು ಕಂಡಿರಲಿಲ್ಲ.

"ಹಿಟ್ಟು ಹೆಂಗ ಉಣ್ಣಲ್ರೀ?" ಎಂದೆ.

ಪುಟ್ಟತಾಯಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕರು. "ಅಯ್ಯೋ, ಇಟ್ಟು ಅಂದ್ರೆ ಗೊತ್ತಿಲ್ವಾ? ಬಾಮ್ಮಿ ಇತ್ತಗೆ" ಎಂದು ಅಡುಗೆಮನೆಗೆ ಕರೆದೊಯ್ದು ತಟ್ಟೆಯಲ್ಲಿ ಬಿಸಿ ರಾಗಿಮುದ್ದೆ ಇಟ್ಟು, ನಡುವೆ ಗುಳಿ ಮಾಡಿ ಉಪ್ಸಾರು ಸುರಿದರು. ಇಲ್ಲಿ ಮುದ್ದೆಗೇ ಹಿಟ್ಟು ಎನ್ನುತ್ತಾರೆ, ಮಾತಿನಲ್ಲಿ ಹಕಾರ ನಿಲ್ಲದ ಕಾರಣ ಅದು ಇಟ್ಟು. ಮುಂದಿನ ವಾರ ಸಂತೆಮರಹಳ್ಳಿಯ ಸಂತೆಯಲ್ಲಿ ಜೋಳ ಕೇಳಿದೆ. ಅಂಗಡಿಯವನು ಹಳದಿಯ ಮುಸುಕಿನ ಜೋಳ ಅಳೆಯತೊಡಗಿದ. ನಮ್ಮ ಜೋಳಕ್ಕೆ ಇಲ್ಲಿ ಬಿಳಿಜೋಳವೆಂದು ಬಿಡಿಸಿ ಹೇಳಬೇಕು. ಮನೆಯಲ್ಲಿ ರೊಟ್ಟಿ ಬಡಿದಾಗ ಆ ಸದ್ದಿಗೆ ಪುಟ್ಟತಾಯಮ್ಮ ಓಡಿಬಂದು, ಗೋಡೆಗೆ ಮೊಳೆ ಹೊಡೆಯುತ್ತಿದ್ದೇನೆಂದು ಬೈದರು. ಒಂದೇ ರಾಜ್ಯ, ಒಂದೇ ಕನ್ನಡ, ಎದೆಯ ಮೇಲೆ ಒಂದೇ ಲಿಂಗ. ಅದಕ್ಕೇ "ನಮ್ಮೋರೇ" ಎಂದು ಮನೆ ಕೊಟ್ಟಿದ್ದರು. ಆದರೂ ಮೊದಲ ತಿಂಗಳೆಲ್ಲ ನಾನು ಪರದೇಶದಲ್ಲಿ ಇದ್ದಂತೆಯೇ ಇದ್ದೆ.

ಅದು ಎರಡು ಸಾವಿರದ ದಶಕದ ಮೊದಲ ವರ್ಷಗಳ ಮಾತು. ಎಂಸಿಎ ಮುಗಿಸಿ ಬಾಗಲಕೋಟೆಯ ಕಾಲೇಜೊಂದರಲ್ಲಿ ತಾತ್ಕಾಲಿಕವಾಗಿ ಪಾಠ ಹೇಳುತ್ತಿದ್ದೆ. ಆ ಕೆಲಸ ನಿಂತಿತು. ಚಾಮರಾಜನಗರದ ಒಂದು ಧರ್ಮಾರ್ಥ ಆಸ್ಪತ್ರೆಗೆ ಕಂಪ್ಯೂಟರ್ ನೋಡಿಕೊಳ್ಳುವವರು ಬೇಕೆಂಬ ಜಾಹೀರಾತು ಕಂಡು ಬರೆದೆ, ಕರೆ ಬಂತು. ಆಸ್ಪತ್ರೆ ನಡೆಸುತ್ತಿದ್ದವರು ಅರವತ್ತು ದಾಟಿದ ಹೆಂಗಸು. ಅವರನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು. ಮಾತು ಕಡಿಮೆ. ಅವರ ಬಾಯಿಂದ "ಚೆನ್ನಾಗಿದೆ" ಎಂದೆನಿಸಿಕೊಳ್ಳಲು ನರ್ಸ್‌ಗಳಿಂದ ಹಿಡಿದು ತೋಟದ ಮಾಲಿಯವರೆಗೆ ಎಲ್ಲರೂ ಕಾಯುತ್ತಿದ್ದರು. ಎರಡೇ ವಾರಕ್ಕೆ ನಾನೂ ಆ ಸಾಲಿನಲ್ಲಿ ನಿಂತಿದ್ದೆ.

ಆಸ್ಪತ್ರೆಗೆ ಗುಂಡ್ಲುಪೇಟೆಯಲ್ಲಿ ಒಂದು ಸಣ್ಣ ಶಾಖೆಯಿತ್ತು. ಅಲ್ಲಿ ತೆಗೆದ ರಕ್ತ ಬೆಳಗಿನ ಬಸ್ಸಿನಲ್ಲಿ ಚಾಮರಾಜನಗರದ ಲ್ಯಾಬಿಗೆ ಬರುತ್ತಿತ್ತು. ರಿಪೋರ್ಟಿಗಾಗಿ ರೋಗಿಗಳು ಮತ್ತೆ ಬಸ್ಸು ಹತ್ತಬಾರದು, ಫೋನ್ ಲೈನಿನ ಮೂಲಕ ಗುಂಡ್ಲುಪೇಟೆಯ ಕಂಪ್ಯೂಟರಿನಲ್ಲೇ ಅದು ಕಾಣಬೇಕು ಎಂಬುದು ಡಾಕ್ಟ್ರಮ್ಮನ ಆಸೆ. ಅದಕ್ಕೆ ಬೇಕಾದ ವೆಬ್ ಸರ್ವರನ್ನು ನಿಲ್ಲಿಸುವುದು ನನ್ನ ಕೆಲಸ. ಸಾಫ್ಟ್‌ವೇರಿನ ಮೂಲ ಬರಹವನ್ನು ತಂದು, ನಮಗೆ ಬೇಕಾದ ಆಯ್ಕೆಗಳನ್ನು ಕೊಟ್ಟು ಕಂಪೈಲ್ ಮಾಡಿ, ಎಂದರೆ ಯಂತ್ರ ಓಡಿಸಬಲ್ಲ ರೂಪಕ್ಕೆ ತಿರುಗಿಸಿ, ಸರ್ವರ್ ಕಟ್ಟಿದೆ. ಕೊಟ್ಟ ಆಯ್ಕೆಗಳನ್ನೆಲ್ಲ ನೋಟ್‌ಪುಸ್ತಕದಲ್ಲಿ ಬರೆದು, ಗುಂಡ್ಲುಪೇಟೆಯಲ್ಲಿದ್ದ ಮಾದೇವಿಗೂ ಒಂದು ಪ್ರತಿ ಕಳಿಸಿದೆ.

ಮಾದೇವಿಯ ವಿಷಯಕ್ಕೆ ಬರಲು ನನಗೆ ಈಗಲೂ ಸ್ವಲ್ಪ ಹಿಂಜರಿಕೆ.

ಅವಳು ಗುಂಡ್ಲುಪೇಟೆಯವಳೇ. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದ್ದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ಶಾಖೆಯ ಕೌಂಟರಿನಲ್ಲಿ ಕೂತು ರೋಗಿಗಳ ಹೆಸರು ನೋಂದಾಯಿಸುವುದು ಅವಳ ಕೆಲಸ. ನಾನು ಬರುವ ಮೊದಲು ವಾರಕ್ಕೊಮ್ಮೆ ಚಾಮರಾಜನಗರಕ್ಕೆ ಬಂದು ಅಲ್ಲಿನ ಕಂಪ್ಯೂಟರುಗಳನ್ನೂ ನೋಡಿಕೊಳ್ಳುತ್ತಿದ್ದಳು. ಮೊದಲ ಸಲ ನಾನು ಗುಂಡ್ಲುಪೇಟೆಗೆ ಹೋದಾಗ ಅವಳ ಸುತ್ತ ಸಂತೆಯಂತೆ ಜನ. ಒಬ್ಬ ಹೆಂಗಸು, "ಯಾನಮ್ಮಿ ಮಾದೇವಿ, ನನ್ ಚೀಟಿ ಎಲ್ಲಿ ಮಡಗಿದ್ಯೆ?" ಎಂದು ಗದರಿಸಿದಳು. ಇವಳು "ಇಲ್ಲೇ ಅದೆ ಕಣತ್ತೆ, ಕೂತ್ಕೊ ಸುಮ್ಕೆ" ಎಂದು ತಿರುಗಿ ಗದರಿಸಿದಳು. ತರಕಾರಿ ಲಾರಿಯ ಮಲಯಾಳಿ ಚಾಲಕನೊಬ್ಬ ಕೈಗೆ ಬಟ್ಟೆ ಸುತ್ತಿಕೊಂಡು ಬಂದ. ಅವನೊಡನೆ ಮಲಯಾಳದಲ್ಲಿ ಮಾತಾಡಿ ನಗಿಸಿದಳು. ಯಾರೋ ಅವಳ ಮೇಜಿನ ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟುಹೋದರು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನನ್ನನ್ನು ಎಲ್ಲರೂ "ಮೇಡಂ" ಎಂದರು. ಯಾರೂ ಗದರಿಸಲಿಲ್ಲ.

ಆ ದಿನ ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಯೋಚಿಸಿದೆ. ನಮ್ಮೂರಿನಲ್ಲಿ ನನ್ನನ್ನೂ ಹೀಗೆ ಗದರಿಸುವವರಿದ್ದರಲ್ಲ? ಅವಳಲ್ಲಿ ಕಂಡದ್ದೆಲ್ಲ ಒಂದು ಕಾಲಕ್ಕೆ ನನ್ನದೂ ಆಗಿತ್ತು ಎಂಬುದೇ ನನ್ನ ಹೊಟ್ಟೆಕಿಚ್ಚಿಗೆ ಬುಡವಾಯಿತು. ಅವಳು ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವಳು ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಸರ್ವರ್ ಏನೋ ಓಡಿತು. ಆದರೆ ರಿಪೋರ್ಟ್ ತೋರಿಸುವ ಪುಟ ಬಹಳ ನಿಧಾನ. ಯಂತ್ರ ಹಳೆಯದು, ಫೋನ್ ಲೈನು ಇನ್ನೂ ಹಳೆಯದು. ನಾನು ಎರಡು ತಿಂಗಳು ಒದ್ದಾಡಿ ಕೈಬಿಟ್ಟಿದ್ದೆ. ಆಗ ಮಾದೇವಿ, ಸರ್ವರಿನ ಒಳಗೇ ಕೂತು ಕೆಲಸ ಮಾಡುವ ಒಂದು ಪುಟ್ಟ ಪ್ರೋಗ್ರಾಮನ್ನು ಬರೆದಳು. ಇದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಗುಂಡ್ಲುಪೇಟೆಯ ತನ್ನ ಯಂತ್ರದಲ್ಲಿ, ನಾನು ಕಳಿಸಿದ್ದ ಟಿಪ್ಪಣಿಯಂತೆಯೇ ಒಂದು ಸರ್ವರ್ ಕಟ್ಟಿಕೊಂಡು ಪರೀಕ್ಷೆ ಮಾಡಿ, ಫ್ಲಾಪಿಯಲ್ಲಿ ತಂದಳು. ಡಾಕ್ಟ್ರಮ್ಮನ ಮುಂದೆ ಅವಳ ಯಂತ್ರದಲ್ಲಿ ತೆಗೆದ ಪುಟದ ಮುದ್ರಣವನ್ನು ಹರಡಿದಳು. ಡಾಕ್ಟ್ರಮ್ಮ ಕನ್ನಡಕ ಏರಿಸಿ ನೋಡಿ, "ಚೆನ್ನಾಗಿದೆ ಮಾದೇವಿ" ಎಂದರು.

ನನ್ನ ಒಂದು ಪುಟಕ್ಕೂ ಸಿಗದ ಮಾತು.

ಮಾರನೆಯ ದಿನ ಅವಳ ಮಾಡ್ಯೂಲನ್ನು ನಮ್ಮ ಸರ್ವರಿಗೆ ಸೇರಿಸಿದೆ. ಮೊದಲ ಪುಟ ಬಂತು. ರಿಪೋರ್ಟ್ ಪುಟ ಒತ್ತಿದ ಕೂಡಲೇ ಬಿಳಿ ಪರದೆ. ಸರ್ವರಿನ ದಾಖಲೆಯಲ್ಲಿ 'ಸೆಗ್ಮೆಂಟೇಷನ್ ಫಾಲ್ಟ್' ಎಂಬ ಒಂದೇ ಸಾಲು. ಪ್ರೋಗ್ರಾಮು ತನ್ನದಲ್ಲದ ಜಾಗಕ್ಕೆ ಕೈಹಾಕಿತು, ಆದ್ದರಿಂದ ಯಂತ್ರ ಅದನ್ನು ಕೊಂದಿತು ಎಂದು ಅರ್ಥ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಸತ್ತಿತು. ಮಾಡ್ಯೂಲ್ ತೆಗೆದೆ, ಸರ್ವರ್ ಗಟ್ಟಿಯಾಗಿ ನಿಂತಿತು. ಸೇರಿಸಿದೆ, ಬಿತ್ತು. ಆಗ ನನ್ನೊಳಗೆ ಎದ್ದದ್ದು ಖುಷಿಯೇ. ಸುಳ್ಳು ಹೇಳಿ ಏನಾಗಬೇಕು?

ಫೋನ್ ಮಾಡಿದೆ. "ನನ್ ಮಿಷಿನ್ನಲ್ಲಿ ಚೆನ್ನಾಗಿ ಓಡ್ತದೆ ಕಣಕ್ಕ" ಎಂದಳು. ಕಂಪ್ಯೂಟರಿನವರೆಲ್ಲ ಹೇಳುವ ಮಾತದು. ಡಾಕ್ಟ್ರಮ್ಮನ ಕೋಣೆಗೆ ಹೋಗಿ, "ಮಾದೇವಿಯ ಮಾಡ್ಯೂಲಿನಲ್ಲಿ ದೋಷವಿದೆ, ಅದನ್ನು ತೆಗೆದರೆ ಎಲ್ಲಾ ಸರಿ" ಎಂದೆ. ಅವರು ಮುದ್ರಣದ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು. ಅಷ್ಟರಲ್ಲಿ ನನ್ನ ಹಳೆಯ ನಿಧಾನದ ಪುಟವನ್ನು ಕಿತ್ತುಹಾಕಿಯಾಗಿತ್ತು. ಅದನ್ನು ಮತ್ತೆ ಹಾಕಿ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಿಪೋರ್ಟುಗಳು ಮತ್ತೆ ಕಾಗದದಲ್ಲಿ ಓಡಾಡತೊಡಗಿದವು. ಪ್ರತಿದಿನ ಮಾದೇವಿ ತಾನೇ ಮಧ್ಯಾಹ್ನದ ಬಸ್ಸಿನಲ್ಲಿ ಬಂದು, ಲ್ಯಾಬಿನಿಂದ ಕವರುಗಳನ್ನು ಎತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಿದ್ದಳು. "ನಾನ್ ಕೆಡಿಸಿದ್ದು, ನಾನೇ ಒರ್ತೀನಿ" ಎಂದು ನರ್ಸ್‌ಗಳಿಗೆ ಹೇಳಿದಳಂತೆ. ನನ್ನ ಕೋಣೆಗೂ ಒಮ್ಮೆ ಇಣುಕಿ, "ಯಾನಾದ್ರೂ ತಿಳೀತಾ ಅಕ್ಕ?" ಎಂದು ಕೇಳಿದಳು. "ನೋಡಾಕತ್ತೀನಿ" ಎಂದೆ. ನೋಡುತ್ತಿರಲಿಲ್ಲ.

ಹತ್ತು ದಿನ ಕಳೆದಿರಬೇಕು. ಒಂದು ಬೆಳಿಗ್ಗೆ ತೆರಕಣಾಂಬಿ ಕಡೆಯ ಹಳ್ಳಿಯ ಅಜ್ಜಿಯೊಬ್ಬಳು ನನ್ನ ಬಾಗಿಲಿಗೆ ಬಂದಳು. ಯಾರೋ ಕಂಪ್ಯೂಟರ್ ಕೋಣೆ ತೋರಿಸಿದ್ದರು.

"ಕಂಪೂಟ್ರು ಸತ್ತೋಗದಂತಲ್ಲವ್ವ, ದಿಟ್ವಾ?"

"ಹೌದ್ರೀ ಅಜ್ಜಿ. ರಿಪೋರ್ಟ್ ಮಾದೇವಿ ತಂದುಕೊಡ್ತಾಳಲ್ಲ, ನೀವ್ಯಾಕ ಬರಾಕ ಹೋದ್ರಿ?"

"ಆ ಮಗ ದಿನಾ ಬಸ್ನಲ್ಲಿ ಓಡಾಡಿ ಸೊರಗೋಗದೆ. ನಂದೊಂದು ಒರೆ ಕಮ್ಮಿ ಆಗ್ಲಿ ಅಂತ ನಾನೇ ಬಂದೆ."

ಊದಿದ ಕಾಲುಗಳು, ಹೆಗಲ ಮೇಲೆ ಟವಲು. ಸಕ್ಕರೆ ಕಾಯಿಲೆಯ ಒಂದು ಹಾಳೆಗಾಗಿ, ಆ ಹಾಳೆಯ ಭಾರ ಮಾದೇವಿಗೆ ಬೀಳಬಾರದೆಂದು ಬಸ್ಸು ಹತ್ತಿ ಬಂದವಳು. ಅಜ್ಜಿಯನ್ನು ಲ್ಯಾಬಿಗೆ ಕರೆದೊಯ್ದು ಹಾಳೆ ಕೊಡಿಸಿದೆ, ಕೂರಿಸಿ ಚಹಾ ಕೊಡಿಸಿದೆ. ಅವಳಿಗಾಗಿ ಮರುಗಬೇಕಾದ ಹೊತ್ತಿನಲ್ಲಿ ನಾನು ಯೋಚಿಸಿದ್ದು ಒಂದೇ: ನಾನು ಹೀಗೆ ಓಡಾಡಿ ಸೊರಗಿದರೆ ಈ ಊರಿನಲ್ಲಿ ಯಾರು ಬಸ್ಸು ಹತ್ತುತ್ತಾರೆ? ಪುಟ್ಟತಾಯಮ್ಮ ಹತ್ತಬಹುದೇ? ಅನುಮಾನ. ಆ ಕಿಚ್ಚಿನಲ್ಲೇ ನಿರ್ಧರಿಸಿದೆ. ಮಾದೇವಿಯ ತಪ್ಪು ಯಾವ ಸಾಲಿನಲ್ಲಿದೆ ಎಂದು ಹುಡುಕಿ, ಆ ಸಾಲಿಗೆ ಕೆಂಪು ಗೆರೆ ಎಳೆದು, ಡಾಕ್ಟ್ರಮ್ಮನ ಮೇಜಿನ ಮೇಲಿಡಬೇಕು.

ಭಾನುವಾರ ಬೆಳಿಗ್ಗೆ ತಿಂಡಿ ತಿಂದವಳೇ ಆಸ್ಪತ್ರೆಗೆ ಹೋದೆ. ಪ್ರೋಗ್ರಾಮು ಸಾಯುವಾಗ ತನ್ನ ನೆನಪನ್ನೆಲ್ಲ ಒಂದು ಕಡತದಲ್ಲಿ ಬಿಟ್ಟುಹೋಗುವಂತೆ ಮಾಡಬಹುದು. ಅದನ್ನು ಡೀಬಗರ್ ಎಂಬ ಸಾಧನದಲ್ಲಿ ತೆರೆದರೆ, ಸಾವು ಎಲ್ಲಿ ಸಂಭವಿಸಿತೆಂದು ನೋಡಬಹುದು. ಒಂದು ಬಗೆಯ ಶವಪರೀಕ್ಷೆ. ಮೊದಲು ಅವಳ ಬರಹವನ್ನೇ ಓದಿದೆ. ಸುಮಾರು ನಾನೂರು ಸಾಲು. ಮೊದಲ ಐವತ್ತು ಸಾಲಿನಲ್ಲಿ ತಪ್ಪು ಸಿಗುತ್ತದೆಂದುಕೊಂಡಿದ್ದೆ. ನೂರಾಯಿತು, ಇನ್ನೂರಾಯಿತು. ಎಲ್ಲೂ ಆತುರವಿಲ್ಲ. ಯಂತ್ರದ ನೆನಪಿನೊಳಗಿನ ಪ್ರತಿ ವಿಳಾಸವನ್ನೂ ಬಳಸುವ ಮೊದಲು ಪರೀಕ್ಷಿಸಿದ್ದಳು. ನಾನು ಸೋಮಾರಿತನದಿಂದ ಬಿಡುವ ಕಡೆಗಳಲ್ಲೆಲ್ಲ ಅವಳು ನಿಂತು ನೋಡಿದ್ದಳು. ಜನರ ಪ್ರೀತಿ ಅವಳಿಗಿರಲಿ, ವಿದ್ಯೆಯಾದರೂ ನನ್ನದು ಎಂದು ಇಷ್ಟು ದಿನ ಸಮಾಧಾನ ಮಾಡಿಕೊಂಡಿದ್ದೆ. ಆ ಬೆಳಿಗ್ಗೆ ಅದೂ ಹೋಯಿತು.

ಹಾಗಾದರೆ ಸಾಯುವುದೇಕೆ? ಡೀಬಗರಿನಲ್ಲಿ ಸತ್ತ ಜಾಗಕ್ಕೆ ಹೋದೆ. ಸರ್ವರು ಮಾಡ್ಯೂಲಿಗೆ ಒಂದು ದೊಡ್ಡ ಕಟ್ಟು ಮಾಹಿತಿ ಕೊಡುತ್ತದೆ: ಯಾವ ಪುಟ ಬೇಕು, ಕೇಳಿದ್ದು ಯಾರು, ಕಡತ ಎಷ್ಟು ದೊಡ್ಡದು, ಸೆಟ್ಟಿಂಗು ಎಲ್ಲಿದೆ ಇತ್ಯಾದಿ. ಮೊದಲಿನ ವಿವರಗಳೆಲ್ಲ ಸರಿಯಾಗಿದ್ದವು. ಕಡತದ ಗಾತ್ರ ದಾಟಿದ ಮೇಲೆ ಎಲ್ಲವೂ ಕಸ. ಆ ಕಟ್ಟಿನ ಒಟ್ಟು ಅಳತೆಯನ್ನು ಸರ್ವರಿಗೂ ಕೇಳಿದೆ, ಮಾಡ್ಯೂಲಿಗೂ ಕೇಳಿದೆ. ಎರಡು ಬೇರೆ ಉತ್ತರ. ಎಂಟು ಬೈಟು ವ್ಯತ್ಯಾಸ, ಎಂಟು ಇಂಗ್ಲಿಷ್ ಅಕ್ಷರ ಹಿಡಿಯುವಷ್ಟು ಜಾಗ.

ಆಸ್ಪತ್ರೆಯ ಭಾಷೆಯಲ್ಲಿ ಹೇಳುತ್ತೇನೆ. ಫಾರಂ ತುಂಬುವವರ ಹತ್ತಿರ ವಿಳಾಸಕ್ಕೆ ಮೂರು ಗೆರೆಯಿರುವ ಹಾಳೆ, ಓದುವವರ ಹತ್ತಿರ ಎರಡೇ ಗೆರೆಯ ಹಾಳೆ. ತುಂಬಿದವರು ಎಂಟನೆಯ ಗೆರೆಯಲ್ಲಿ ರಕ್ತದ ಗುಂಪು ಬರೆದರು. ಓದುವವರು ಏಳನೆಯ ಗೆರೆಯಲ್ಲೇ ಅದು ಇದೆಯೆಂದು ನೋಡಿದರು. ಇಬ್ಬರದೂ ಅವರವರ ಹಾಳೆಯ ಪ್ರಕಾರ ಸರಿ. ಎರಡು ಪ್ರೋಗ್ರಾಮುಗಳನ್ನು ಬೇರೆ ಬೇರೆ ಆಯ್ಕೆ ಕೊಟ್ಟು ಕಂಪೈಲ್ ಮಾಡಿದರೆ ಹೀಗಾಗುತ್ತದೆ.

ಆಯ್ಕೆ ಬೇರೆಯಾದದ್ದು ಯಾವಾಗ? ನನಗೆ ಹುಡುಕಬೇಕಾಗಲಿಲ್ಲ, ಕೂತಲ್ಲೇ ನೆನಪಾಯಿತು. ಎರಡು ತಿಂಗಳ ಹಿಂದೆ ನಮ್ಮ ದಾಖಲೆ ಕಡತ ತೀರಾ ದೊಡ್ಡದಾಗಿ ಸರ್ವರ್ ಮುಗ್ಗರಿಸಿತ್ತು. ಭಾರೀ ಕಡತಗಳನ್ನು ಹಿಡಿಯುವ ಒಂದು ಆಯ್ಕೆ ಸೇರಿಸಿ ಸರ್ವರನ್ನು ಮತ್ತೆ ಕಟ್ಟಿದ್ದೆ. ಆ ಆಯ್ಕೆ ಕೊಟ್ಟರೆ ಕಡತದ ಗಾತ್ರ ಬರೆಯುವ ಜಾಗ ಅಗಲವಾಗುತ್ತದೆ. ನೋಟ್‌ಪುಸ್ತಕ ತೆರೆದೆ. ಬರೆದಿರಲಿಲ್ಲ. ಮಾದೇವಿಗೆ ತಿಳಿಸಿಯೂ ಇರಲಿಲ್ಲ. ಅವಳು ನಾನು ಬರೆದುಕೊಟ್ಟದ್ದನ್ನು ಅಕ್ಷರ ತಪ್ಪದೆ ಪಾಲಿಸಿದ್ದಳು.

ಅವಳ ಮಾಡ್ಯೂಲನ್ನು ಆ ಒಂದು ಆಯ್ಕೆ ಸೇರಿಸಿ ಕಂಪೈಲ್ ಮಾಡಿದೆ. ಚಹಾ ಕುಡಿಯುವಷ್ಟು ಹೊತ್ತೂ ಆಗಲಿಲ್ಲ. ಸರ್ವರ್ ಎಬ್ಬಿಸಿ ರಿಪೋರ್ಟ್ ಪುಟ ಒತ್ತಿದೆ. ತಟ್ಟನೆ ಬಂತು. ಇಂಥ ಗಳಿಗೆಯಲ್ಲಿ ಕುಣಿಯಬೇಕು. ನಾನು ಎದ್ದು ಬಾಗಿಲು ಹಾಕಿಕೊಂಡೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ನೋಟ್‌ಪುಸ್ತಕದಲ್ಲಿ ಹಳೆಯ ತಾರೀಖಿನ ಕೆಳಗೆ ಒಂದು ಸಾಲು ಬರೆದರೆ ಮುಗಿಯಿತು, ಯಾರಿಗೂ ಗೊತ್ತಾಗುವುದಿಲ್ಲ. ಪೆನ್ನು ತೆಗೆದೆ. ಬರೆಯುವ ಧೈರ್ಯ ಬರಲಿಲ್ಲ. ಹಾಗೆಂದು ನಿಜ ಹೇಳುವ ಧೈರ್ಯವೂ ಇರಲಿಲ್ಲ.

ಸೋಮವಾರ ಡಾಕ್ಟ್ರಮ್ಮನಿಗೆ ಪುಟ ತೋರಿಸಿದೆ.

"ಚೆನ್ನಾಗಿದೆ ಅನ್ನಪೂರ್ಣ" ಎಂದರು. ನಂತರ, "ಮಾದೇವಿ ಏನ್ ತಪ್ಪು ಮಾಡಿದ್ಲು?"

"ಸಣ್ಣದು ಮೇಡಂ. ಕಂಪೈಲ್ ಮಾಡುವಾಗ ಒಂದು ಆಯ್ಕೆ ಬಿಟ್ಟಿದ್ಲು."

ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಅದಕ್ಕೆ ಮುಂಚೆ ಹೇಳಿರಲಿಲ್ಲ.

ಗುರುವಾರ ಮಾದೇವಿ ಬಂದಳು. ಅವಳು ರಿಪೋರ್ಟ್ ಹೊರುವ ಕೆಲಸ ಮುಗಿದಿತ್ತು. ನನ್ನನ್ನು ನೋಡಲೆಂದೇ ಬಂದಿದ್ದಳು. ಕೈಯಲ್ಲಿ ನಾನು ಕಳಿಸಿದ್ದ ಟಿಪ್ಪಣಿಯ ಪ್ರತಿ. ಸಾಲು ಸಾಲಿಗೂ ಪೆನ್ಸಿಲಿನ ಗುರುತು.

"ಅಕ್ಕ, ಯಾವ್ದ ಬಿಟ್ಟಿದ್ದೆ ಏಳಿ. ಮೂರ್ ಸಲ ನೋಡ್ದೆ, ಎಲ್ಲಾನೂ ಆಕಿದೀನಿ. ಕಲ್ತ್ಕೋಬೇಕಲ್ಲ?"

ಅವಳ ದನಿಯಲ್ಲಿ ವ್ಯಂಗ್ಯವಿದ್ದಿದ್ದರೆ ನಾನು ಇನ್ನೊಂದು ಸುಳ್ಳು ಹೇಳಿಬಿಡುತ್ತಿದ್ದೆನೇನೋ.

"ನೀ ಯಾವುದೂ ಬಿಟ್ಟಿಲ್ಲ ಮಾದೇವಿ" ಎಂದೆ. "ನಾನ ಬರದುಕೊಟ್ಟಿಲ್ಲ. ಆಮ್ಯಾಲೆ ಒಂದು ಆಯ್ಕೆ ಸೇರಿಸಿದ್ದೆ. ನಿನಗ ಹೇಳಾಕ ಮರತೆ."

ಅವಳು ಹಾಳೆಯನ್ನು ಮಡಚಿದಳು.

"ಯಾವತ್ತು ಗೊತ್ತಾಯ್ತು?"

"ಭಾನುವಾರ."

"ಇವತ್ತು ಗುರುವಾರ."

ಅವಳು ಮಡಚಿದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟಳು.

"ಸೋಮವಾರ ಡಾಕ್ಟ್ರಮ್ಮ ಫೋನ್ ಮಾಡಿದ್ರು. ಇನ್ಮೇಲೆ ಪ್ರೋಗ್ರಾಮು ಬರೆಯೋದು ಬುಡು, ಕೌಂಟ್ರು ನೋಡ್ಕೊ ಸಾಕು ಅಂದ್ರು." ಅವಳು ನನ್ನ ಕುರ್ಚಿಯ ಕಡೆ ನೋಡಿದಳು. "ನೀವ್ ಕೂತಿರೋ ಈ ಕೆಲ್ಸಕ್ಕೆ ನಾನೂ ಅರ್ಜಿ ಆಕಿದ್ದೆ ಕಣಕ್ಕ. ಡಿಪ್ಲೊಮಾ ಸಾಲ್ದು ಅಂದ್ರು. ನೀವ್ ಬಂದ್ರಿ. ನಂಗೂ ಒಟ್ಟೆಕಿಚ್ಚಿತ್ತು, ಸುಳ್ಳ್ಯಾಕೆ? ಆದ್ರೆ ಅದ ಕೆಲ್ಸದೊಳಕ್ಕೆ ತರ್ಲಿಲ್ಲ ನಾನು."

ಆರು ತಿಂಗಳು ನಾನು ಅವಳ ಊರನ್ನು ಕಂಡು ಕುದಿಯುತ್ತಿದ್ದೆ. ಅವಳ ಕುರ್ಚಿಯಲ್ಲೇ ನಾನು ಕೂತಿದ್ದೇನೆಂಬುದು ನನಗೆ ಗೊತ್ತೇ ಇರಲಿಲ್ಲ.

"ನಡೀರಿ" ಎಂದಳು. "ಡಾಕ್ಟ್ರಮ್ಮನತ್ರ ಓಗನ. ನನ್ ಎದ್ರಿಗೇ ಏಳಿ."

ಹೋದೆವು. ನಾನು ಎಲ್ಲವನ್ನೂ ಹೇಳಿದೆ. ಮರೆತದ್ದು, ಹತ್ತು ದಿನ ನೋಡದೆ ಕೂತದ್ದು, ಸೋಮವಾರದ ಉತ್ತರ. ಕೊನೆಗೆ, "ನನಗ ಆಕಿ ಮ್ಯಾಲ ಹೊಟ್ಟೆಕಿಚ್ಚಿತ್ತು ಮೇಡಂ" ಎಂದೂ ಹೇಳಿದೆ. ಡಾಕ್ಟ್ರಮ್ಮ ಮಾದೇವಿಗೆ ಕುರ್ಚಿ ತೋರಿಸಿ ಕೂರಿಸಿದರು. ನನ್ನನ್ನು ಕೂರಿಸಲಿಲ್ಲ.

"ಮರೆಯೋದು ಯಾರಿಗಾದರೂ ಆಗುತ್ತೆ" ಎಂದರು. "ಸೋಮವಾರ ನಾನು ಕೇಳಿದಾಗ ನೀವು ಮರೆತಿರಲಿಲ್ಲ." ಆಮೇಲೆ ಮಾದೇವಿಯ ಕಡೆ ತಿರುಗಿ, "ವಿಚಾರಿಸದೆ ನಿನ್ನ ಕೆಲಸ ಕಿತ್ತುಕೊಂಡೆ. ನನ್ನದೂ ತಪ್ಪು, ಮನಸ್ಸಲ್ಲಿಟ್ಟುಕೋಬೇಡಮ್ಮ" ಎಂದರು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಅವತ್ತಿನಿಂದ ವಾರಕ್ಕೆ ಎರಡು ದಿನ ಮಾದೇವಿ ಚಾಮರಾಜನಗರಕ್ಕೆ ಬಂದು ಸರ್ವರ್ ನೋಡಬೇಕು, ಆ ಎರಡು ದಿನ ನಾನು ಗುಂಡ್ಲುಪೇಟೆಯ ಕೌಂಟರಿನಲ್ಲಿ ಕೂರಬೇಕು ಎಂದಾಯಿತು. ಮೊದಲ ದಿನ ಬಂದವರೆಲ್ಲ "ಮಾದೇವಿ ಎಲ್ಲೋದಳು?" ಎಂದೇ ಕೇಳಿದರು. ಒಬ್ಬ ಮುದುಕ ನನ್ನ ಮಾತು ಕೇಳಿ, "ಈಯಮ್ಮ ಯಾವ ಭಾಷೆ ಆಡ್ತದ್ಲಾ?" ಎಂದು ಪಕ್ಕದವನನ್ನು ವಿಚಾರಿಸಿದ. ಹೆಸರುಗಳನ್ನು ತಪ್ಪು ಬರೆದೆ. ಹಕಾರ ಇರುವಲ್ಲಿ ಬಿಟ್ಟೆ, ಇಲ್ಲದಲ್ಲಿ ಸೇರಿಸಿದೆ. ಮಳೆಗಾಲ ಮುಗಿಯುವ ಹೊತ್ತಿಗೆ, ಅನುಮಾನ ಬಂದರೆ ಸುಮ್ಮನೆ ಕೇಳಿಬಿಡುವುದನ್ನು ಕಲಿತೆ. ನೋಯುವ ಕೈಯ ಬಗ್ಗೆ ಮಲಯಾಳದಲ್ಲಿ ಎರಡು ವಾಕ್ಯ ಕಲಿತೆ. ಹೆಂಗಸೊಬ್ಬಳು ಚೀಟಿ ಕಾಣದೆ ನನ್ನ ಮೇಲೆ ರೇಗಿದ ದಿನ, ನಾನೂ ರೇಗಿದೆ. ಸಂಜೆಯವರೆಗೆ ಆ ಜಗಳದ ಸಂತೋಷ ನನ್ನಲ್ಲಿತ್ತು.

ಮಾದೇವಿ ನನಗೆ ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡಲಿಲ್ಲ. ಏನು ಬದಲಾಯಿಸಿದರೂ ನೋಟ್‌ಪುಸ್ತಕದಲ್ಲಿ ಬರೆದು, ಫೋನಿನಲ್ಲೂ ಹೇಳುತ್ತಿದ್ದಳು. ಆದರೆ ಆ ವರ್ಷವೆಲ್ಲ ಅಕ್ಕ ಎನ್ನಲಿಲ್ಲ, ಮೇಡಂ ಎಂದೇ ಕರೆದಳು. ಅವಳಿಗೆ ಜನ ತಂದುಕೊಡುವ ಬಾಳೆಹಣ್ಣು ಕಂಡರೆ ನನ್ನೊಳಗಿನ ಕಿಚ್ಚು ಈಗಲೂ ಅಲುಗುತ್ತದೆ. ಅದು ಪೂರ್ತಿ ಹೋಗುವ ಜಾತಿಯದಲ್ಲ. ಅಲುಗಿದಾಗ ಗುರುತು ಹಿಡಿಯುತ್ತೇನೆ, ಅಷ್ಟೇ.

ಮುಂದಿನ ವರ್ಷ ಮುಂಗಾರಿನ ಹೊತ್ತಿಗೆ ರಜೆ ಹಾಕಿ ಊರಿಗೆ ಹೋದೆ. ಹಳೆಯ ಬಾಗಲಕೋಟೆಯ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿನ ಮುಳುಗಡೆಗೆ ಹೋಗಿ, ಮನೆಯವರು ನವನಗರಕ್ಕೆ ಬಂದಿದ್ದರು. ಅಣ್ಣನ ಮದುವೆಯಾಗಿತ್ತು. ವೈನಿ ಬೆಳಗಾವಿ ಕಡೆಯವಳು, ಬಂದು ವರ್ಷವೂ ತುಂಬಿರಲಿಲ್ಲ. ಆದರೆ ಖಾರದಪುಡಿ ಡಬ್ಬಿ ಎಲ್ಲಿದೆಯೆಂದು ಅವ್ವ ಅವಳನ್ನೇ ಕೇಳುತ್ತಿದ್ದಳು. ವೈನಿ ಬಡಿದ ರೊಟ್ಟಿ ಎಷ್ಟು ತೆಳುವೆಂದು ಓಣಿಯವರಿಗೆ ಹೇಳುತ್ತಿದ್ದಳು. ನಾನು ನೀರಿನ ತಂಬಿಗೆಗಾಗಿ ಎರಡು ಕಪಾಟು ತೆರೆದು ನೋಡಬೇಕಾಯಿತು. ವೈನಿ ನಗುತ್ತ ಮೂರನೆಯದನ್ನು ತೋರಿಸಿದಳು. ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಕಿಚ್ಚು. ಇನ್ನೊಂದು ಊರಿನಿಂದ ಬಂದು ಇಷ್ಟು ಬೇಗ ಬೇರು ಬಿಡುವುದು ಇವಳಿಗೆ ಹೇಗೆ ಸಾಧ್ಯವಾಯಿತು? ಅದೂ ನನ್ನ ಮನೆಯಲ್ಲಿ?

ಊಟಕ್ಕೆ ಕೂತಾಗ ಅವ್ವ ಪುಂಡಿಪಲ್ಲೆ ಬಡಿಸುತ್ತ ಕೇಳಿದಳು:

"ನಿಮ್ಮೂರಾಗ ಮಳಿ ಆತೇನವ್ವಾ?"

ನಿಮ್ಮೂರು ಎಂದರೆ ಯಾವುದು ಎಂದು ನಾನು ಕೇಳಲಿಲ್ಲ. ಹಿಂದಿನ ಸಂಜೆ ಸರ್ವರಿನ ವಿಷಯಕ್ಕೆ ಮಾದೇವಿಗೆ ಫೋನ್ ಮಾಡಿದ್ದಾಗ ಗುಂಡ್ಲುಪೇಟೆಯಲ್ಲಿ ಜೋರು ಮಳೆಯೆಂದು ಹೇಳಿದ್ದಳು. "ಹೂಂ, ಛಲೋ ಆಗೇತಿ" ಎಂದೆ.

ನಾಲ್ಕು ದಿನ ಬಿಟ್ಟು ಚಾಮರಾಜನಗರದಲ್ಲಿ ಬಸ್ಸಿಳಿದು ಮನೆಯ ಮೆಟ್ಟಿಲು ಹತ್ತುತ್ತಿದ್ದೆ. ಪುಟ್ಟತಾಯಮ್ಮ ಒದ್ದೆ ಜಗುಲಿಯನ್ನು ಒರೆಸುತ್ತಿದ್ದರು. ತಲೆಯೆತ್ತಿ ನನ್ನನ್ನು ನೋಡಿ ಕೇಳಿದರು:

"ಬಂದ್ಯಾಮ್ಮಿ? ನಿಮ್ಮೂರಲ್ಲಿ ಮಳೆ ಉಯ್ತಾ?"

"ಇಲ್ಲ, ಇನ್ನೂ ಕಾಯ್ತಾವ್ರೆ" ಎಂದೆ.